ಹೊಸದಾಗಿ ಲೋಡ್ ಆದ ಸಾಲುಗಳ ಬಟನ್ ಒತ್ತಿದರೆ ಏನೂ ಆಗುವುದಿಲ್ಲ, ಯಾಕೆ? (ಅಡಿಕೆ ದರದ ಪುಟ)

ತುಂಗಾ ದಡ:
ಎಲ್ಲರಿಗೂ ನಮಸ್ಕಾರ. ನಾನು ಮಂಡಗದ್ದೆ ಕಡೆಯವನು. ನಮ್ಮ ಸುತ್ತಿನ ಕೆಲವು ಬೆಳೆಗಾರರಿಗಾಗಿ ಒಂದು ಪುಟ್ಟ ವೆಬ್ ಪುಟ ಮಾಡುತ್ತಿದ್ದೇನೆ. ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ದರವನ್ನು ದಿನದ ಪ್ರಕಾರ ತೋರಿಸುತ್ತದೆ. ರಾಶಿ, ಬೆಟ್ಟೆ, ಸರಕು, ಗೊರಬಲು, ಒಂದೊಂದಕ್ಕೂ ಒಂದೊಂದು ಸಾಲು. ಪ್ರತಿ ಸಾಲಿನ ಕೊನೆಗೆ ‘ವಿವರ’ ಅಂತ ಬಟನ್. ಒತ್ತಿದರೆ ಆ ದಿನದ ಕನಿಷ್ಠ, ಗರಿಷ್ಠ ದರ ಕೆಳಗೆ ತೆರೆದುಕೊಳ್ಳಬೇಕು.

ಪುಟದ ಜೊತೆಗೇ ಬರುವ ಸಾಲುಗಳಲ್ಲಿ ಬಟನ್ ಚೆನ್ನಾಗಿ ಕೆಲಸ ಮಾಡುತ್ತದೆ. ಕೆಳಗೆ ‘ಇನ್ನಷ್ಟು’ ಅಂತ ಒಂದಿದೆ. ಅದನ್ನು ಒತ್ತಿದರೆ ಹಳೆಯ ದಿನಗಳ ದರ ಫೆಚ್ (ಸರ್ವರ್‌ನಿಂದ ಡೇಟಾ ತರಿಸುವ ಜಾವಾಸ್ಕ್ರಿಪ್ಟ್ ಫಂಕ್ಷನ್) ಮೂಲಕ ಬಂದು ಟೇಬಲ್‌ಗೆ ಸೇರುತ್ತದೆ. ಹಾಗೆ ಸೇರಿದ ಸಾಲುಗಳ ‘ವಿವರ’ ಮಾತ್ರ ಒತ್ತಿದರೆ ಏನೂ ಆಗುವುದಿಲ್ಲ. ಬ್ರೌಸರ್ ತಪ್ಪುಗಳನ್ನು ತೋರಿಸುವ ಕನ್ಸೋಲ್‌ನಲ್ಲಿ ಕೆಂಪು ಅಕ್ಷರವೂ ಇಲ್ಲ.

ಕ್ವೆರಿ ಸೆಲೆಕ್ಟರ್ ಆಲ್ ಬಳಸಿ ‘ವಿವರ’ ಕ್ಲಾಸ್ ಇರುವ ಎಲ್ಲವನ್ನೂ ಹಿಡಿದು, ಫಾರ್ ಈಚ್‌ನಲ್ಲಿ ಒಂದೊಂದಕ್ಕೂ ಆಡ್ ಈವೆಂಟ್ ಲಿಸನರ್ ಮೂಲಕ ಲಿಸನರ್ (ಕ್ಲಿಕ್ ಆದಾಗ ಓಡುವ ಫಂಕ್ಷನ್) ಹಾಕಿದ್ದೇನೆ. ಸ್ಕ್ರಿಪ್ಟನ್ನು ಪುಟದ ಕೊನೆಗೆ ಸರಿಸಿದರೂ ಬದಲಾವಣೆ ಇಲ್ಲ. ‘ಇನ್ನಷ್ಟು’ ಒತ್ತಿದ ಮೇಲೆ ಸೆಟ್ ಟೈಮ್‌ಔಟ್‌ನಲ್ಲಿ ಒಂದು ಸೆಕೆಂಡ್ ಕಾದು ಮತ್ತೆ ಲಿಸನರ್ ಹಾಕಿದರೆ ಶಿವಮೊಗ್ಗದಲ್ಲಿ ಕೂತಾಗ ಸರಿ ಹೋಗುತ್ತದೆ. ಮನೆಗೆ ಬಂದು ನೋಡಿದರೆ ಒಮ್ಮೆ ಆಗುತ್ತದೆ, ಒಮ್ಮೆ ಇಲ್ಲ. ಇದಕ್ಕೆ ಸರಿಯಾದ ದಾರಿ ಯಾವುದು?

ಕೋಟೆ ರಸ್ತೆ:
ತಮ್ಮಾ, ಮೊದಲು ಸೆಟ್ ಟೈಮ್‌ಔಟ್ ತೆಗೆದುಬಿಡಿ. ಒಂದು ಸೆಕೆಂಡ್ ಅನ್ನುವುದು ಬರೀ ಊಹೆ. ಊರಲ್ಲಿ ಫೈಬರ್ ಇದ್ದರೆ ಅಷ್ಟರೊಳಗೆ ಡೇಟಾ ಬಂದಿರುತ್ತದೆ. ಮಳೆ ಹಿಡಿದ ದಿನ ಸಿಗ್ನಲ್ ಒಂದೇ ಕಡ್ಡಿ ಇದ್ದರೆ ಐದು ಸೆಕೆಂಡ್ ಕೂಡ ಸಾಲದು. ಮಲೆನಾಡಿನವರಿಗಾಗಿ ಮಾಡುವ ಪುಟ ನೆಟ್‌ವರ್ಕ್‌ನ ವೇಗದ ಮೇಲೆ ನಿಲ್ಲಬಾರದು.

ಈಗ ಕಾರಣ. ಕ್ವೆರಿ ಸೆಲೆಕ್ಟರ್ ಆಲ್ ಕೊಡುವುದು ಆ ಕ್ಷಣದಲ್ಲಿ ಪುಟದಲ್ಲಿ ಇದ್ದವುಗಳ ಪಟ್ಟಿ. ಆಮೇಲೆ ಬಂದವು ಆ ಪಟ್ಟಿಗೆ ತಾವಾಗಿ ಸೇರುವುದಿಲ್ಲ. ನಿಮ್ಮ ಫಾರ್ ಈಚ್ ಪಟ್ಟಿಯಲ್ಲಿದ್ದ ಬಟನ್‌ಗಳಿಗೆಲ್ಲ ಲಿಸನರ್ ಹಾಕಿ ಮುಗಿಸಿತು. ಲಿಸನರ್ ಕ್ಲಾಸಿನ ಹೆಸರಿಗೆ ಅಂಟಿಕೊಳ್ಳುವುದಿಲ್ಲ, ಆ ಒಂದು ಎಲಿಮೆಂಟಿಗೆ ಮಾತ್ರ ಅಂಟಿಕೊಳ್ಳುತ್ತದೆ. ಹೊಸ ಬಟನ್‌ಗೂ ‘ವಿವರ’ ಅನ್ನುವ ಅದೇ ಕ್ಲಾಸ್ ಇದೆ, ಸಿಎಸ್‌ಎಸ್ ಬಣ್ಣವೂ ಬರುತ್ತದೆ. ಹಾಗಾಗಿ ಕ್ಲಿಕ್ ಕೂಡ ಬರುತ್ತದೆ ಅಂತ ಅನ್ನಿಸುತ್ತದೆ, ಅಲ್ವಾ? ಸಿಎಸ್‌ಎಸ್ ನಿಯಮ ಹೊಸದಾಗಿ ಬಂದವುಗಳಿಗೂ ತಾಗುತ್ತದೆ. ಲಿಸನರ್ ಹಾಗಲ್ಲ. ಗೊಂದಲದ ಬೇರು ಇಲ್ಲೇ ಇದೆ.

ಕನ್ಸೋಲ್ ಸುಮ್ಮನಿರುವುದಕ್ಕೂ ಇದೇ ಕಾರಣ. ಲಿಸನರ್ ಇಲ್ಲದ ಬಟನ್ ಒತ್ತುವುದು ತಪ್ಪೇನಲ್ಲ. ಪಟ್ಟಿ ಪೂರ್ತಿ ಖಾಲಿ ಇದ್ದರೂ ಫಾರ್ ಈಚ್ ತಕರಾರು ಮಾಡುವುದಿಲ್ಲ.

ಪರಿಹಾರ: ಬಟನ್‌ಗಳನ್ನು ಬಿಡಿ, ಅವುಗಳನ್ನು ಹೊತ್ತುಕೊಂಡಿರುವ ಟಿಬಾಡಿಗೆ (ಟೇಬಲ್‌ನ ಸಾಲುಗಳ ಸುತ್ತ ಇರುವ ಟ್ಯಾಗ್) ಒಂದೇ ಒಂದು ಲಿಸನರ್ ಹಾಕಿ. ಒಳಗಿನ ಯಾವುದೇ ಎಲಿಮೆಂಟ್ ಮೇಲೆ ಕ್ಲಿಕ್ ಆದರೂ ಆ ಈವೆಂಟ್ ಅಲ್ಲೇ ನಿಲ್ಲುವುದಿಲ್ಲ. ಬಟನ್‌ನಿಂದ ಸೆಲ್‌ಗೆ, ಸೆಲ್‌ನಿಂದ ಸಾಲಿಗೆ, ಟಿಬಾಡಿಗೆ, ಟೇಬಲ್‌ಗೆ, ಕೊನೆಗೆ ಡಾಕ್ಯುಮೆಂಟ್‌ವರೆಗೆ ಮೇಲೇರುತ್ತದೆ. ಇದಕ್ಕೆ ಬಬ್ಲಿಂಗ್ ಅನ್ನುತ್ತಾರೆ. ನಮ್ಮ ಮನೆಗಳ ದಣಪೆಯ ಹಾಗೆ. ಜಗಲಿಯಿಂದ ಹೊರಟರೂ ಕೊಟ್ಟಿಗೆಯಿಂದ ಹೊರಟರೂ ದಣಪೆ ದಾಟಿಯೇ ಹೋಗಬೇಕು, ನಿನ್ನೆ ಬಂದ ನೆಂಟನೂ ಅಷ್ಟೇ. ಅಲ್ಲಿ ಒಬ್ಬರು ನಿಂತು ‘ಯಾರು ಬಂದದ್ದು’ ಅಂತ ನೋಡಿದರೆ ಸಾಕು.

‘ಯಾರು’ ಅನ್ನುವುದನ್ನು ಈವೆಂಟಿನ ಟಾರ್ಗೆಟ್ ಹೇಳುತ್ತದೆ. ಫೋನಿನಿಂದ ಬರೆಯುತ್ತಿದ್ದೇನೆ, ಅದಕ್ಕೆ ಕೋಡ್ ಬದಲು ಮಾತಿನಲ್ಲೇ ಹೇಳುತ್ತೇನೆ. ಟಿಬಾಡಿಯ ಮೇಲೆ ಕ್ಲಿಕ್‌ಗೆ ಒಂದು ಫಂಕ್ಷನ್. ಅದರೊಳಗೆ ಟಾರ್ಗೆಟ್ ಮೇಲೆ ಕ್ಲೋಸೆಸ್ಟ್ ಕರೆದು ‘ವಿವರ’ ಕ್ಲಾಸಿನ ಬಟನ್ ಹುಡುಕಿ. ಸಿಗದಿದ್ದರೆ ಸುಮ್ನೆ ರಿಟರ್ನ್ ಆಗಿ. ಸಿಕ್ಕರೆ ಆ ಬಟನ್‌ನ ಡೇಟಾ ಗುಣದಲ್ಲಿ (ಟ್ಯಾಗಿನೊಳಗೇ ಬರೆದಿಡುವ ಮಾಹಿತಿ) ಇಟ್ಟ ದಿನಾಂಕ ಓದಿ ವಿವರ ತೆರೆಯಿರಿ. ಅಷ್ಟೇ. ನಾಳೆ ಸಾವಿರ ಸಾಲು ಬಂದರೂ ಈ ಕೋಡ್ ಮುಟ್ಟಬೇಕಾಗಿಲ್ಲ. ಈ ವಿಧಾನಕ್ಕೆ ಈವೆಂಟ್ ಡೆಲಿಗೇಶನ್ ಅಂತ ಹೆಸರು.

ಸಾಗರ ಮೇಷ್ಟ್ರು:
ವಿವರಣೆ ಚೆನ್ನಾಗಿದೆ. ಆದರೂ ಒಂದು ಪ್ರಶ್ನೆ. ಫೆಚ್ ಮುಗಿದ ಮೇಲೆ ದೆನ್ ಒಳಗೆ, ಸಾಲುಗಳನ್ನು ಸೇರಿಸಿದ ತಕ್ಷಣ ಲಿಸನರ್ ಹಾಕಿದರೆ ಆಗುವುದಿಲ್ಲವೇ? ಅಲ್ಲಿ ಊಹೆ ಇಲ್ಲ, ಡೇಟಾ ಬಂದಾಗಿದೆ. ನನ್ನ ವಿದ್ಯಾರ್ಥಿಗಳಿಗೆ ಬಬ್ಲಿಂಗ್‌ಗಿಂತ ಇದು ಬೇಗ ಅರ್ಥವಾಗುತ್ತದೆ.

ಕೋಟೆ ರಸ್ತೆ:
ಆಗುತ್ತದೆ ಮೇಷ್ಟ್ರೇ. ಕ್ರಿಯೇಟ್ ಎಲಿಮೆಂಟ್‌ನಿಂದ ಒಂದೊಂದು ಬಟನ್ ತಯಾರಿಸಿ, ಅದಕ್ಕೆ ಅಲ್ಲೇ ಲಿಸನರ್ ಹಾಕಿ, ಆಮೇಲೆ ಪುಟಕ್ಕೆ ಸೇರಿಸುವುದು ಪೂರ್ತಿ ಸರಿಯಾದ ದಾರಿ. ಹೊಸದಕ್ಕೆ ಮಾತ್ರ ಹಾಕಿದಂತಾಯಿತು.

ಆದರೆ ಹೆಚ್ಚಿನವರು ಮಾಡುವುದು ಅದಲ್ಲ. ಡೇಟಾ ಬಂದ ಮೇಲೆ ಮತ್ತೆ ಪುಟದ ಎಲ್ಲಾ ‘ವಿವರ’ ಬಟನ್‌ಗಳನ್ನು ಹಿಡಿದು ಎಲ್ಲಕ್ಕೂ ಹಾಕುತ್ತಾರೆ. ಆಗ ಹಳೆಯ ಬಟನ್‌ಗಳಿಗೆ ಎರಡನೇ ಲಿಸನರ್ ಬೀಳುತ್ತದೆ. ಮತ್ತೊಮ್ಮೆ ‘ಇನ್ನಷ್ಟು’ ಒತ್ತಿದರೆ ಮೂರನೆಯದು. ವಿವರ ತೆರೆದು ಮುಚ್ಚುವ ಬಟನ್ ಆದರೆ ಎರಡು ಸಲ ಓಡಿ, ತೆರೆದದ್ದು ಅದೇ ಕ್ಷಣ ಮುಚ್ಚಿಕೊಳ್ಳುತ್ತದೆ. ನೋಡುವವರಿಗೆ ಬಟನ್ ಕೆಟ್ಟಿದೆ ಅನ್ನಿಸುತ್ತದೆ. ಅದೇ ಜಾಗದಲ್ಲಿ ‘ರಸೀದಿ ಕಳಿಸು’ ಅಂತ ಬಟನ್ ಇದ್ದರೆ ರೈತರಿಗೆ ಒಂದೇ ರಸೀದಿ ಮೂರು ಸಲ ಹೋಗುತ್ತದೆ. ಹಣದ ವಿಷಯದಲ್ಲಿ ಇದು ಸಣ್ಣ ಮಾತಲ್ಲ.

ಒಂದು ಸೂಕ್ಷ್ಮ ಇದೆ. ಹೆಸರಿಟ್ಟ ಒಂದೇ ಫಂಕ್ಷನ್ನನ್ನು ಅದೇ ಎಲಿಮೆಂಟಿಗೆ, ಅದೇ ಈವೆಂಟಿಗೆ ಎರಡು ಸಲ ಹಾಕಿದರೆ ಬ್ರೌಸರ್ ಎರಡನೆಯದನ್ನು ಬಿಟ್ಟುಬಿಡುತ್ತದೆ. ಲೂಪಿನ ಒಳಗೆ ಬಾಣದ ಗುರುತಿನ ಫಂಕ್ಷನ್ ಬರೆದರೆ ಪ್ರತಿ ಸಲವೂ ಅದು ಹೊಸ ಫಂಕ್ಷನ್ ಆಗುತ್ತದೆ. ಹಾಗಾಗಿ ಎಲ್ಲವೂ ಸೇರಿಕೊಳ್ಳುತ್ತವೆ. ಇದನ್ನು ನಿಮ್ಮ ತರಗತಿಯಲ್ಲಿ ಮಾಡಿ ತೋರಿಸಿ. ಕ್ಲಿಕ್ ಆದಾಗ ಕನ್ಸೋಲ್‌ಗೆ ಒಂದು ಸಾಲು ಬರೆಸಿದರೆ ಸಾಕು, ಹುಡುಗರಿಗೆ ಕಣ್ಣಿಗೇ ಕಾಣುತ್ತದೆ.

ಮಳೆ ಲೆಕ್ಕ:
ನಾನು ಹೊಸನಗರ ತಾಲ್ಲೂಕಿನವನು. ಮಾಣಿ, ಯಡೂರು, ಹುಲಿಕಲ್, ಮಾಸ್ತಿಕಟ್ಟೆ ಕಡೆಯ ದಿನದ ಮಳೆ ಹಾಕುವ ಪುಟ ಒಂದನ್ನು ನೋಡಿಕೊಳ್ಳುತ್ತೇನೆ. ಅಲ್ಲಿ ಇದರ ಉಲ್ಟಾ ಆಗುತ್ತಿದೆ. ಹೊಸ ಸಾಲು ಸೇರಿಸಿದ ಮೇಲೆ ಹಳೆಯ ಸಾಲುಗಳ ಬಟನ್ ಕೂಡ ಸತ್ತುಹೋಗುತ್ತವೆ. ಮೊದಲು ಕೆಲಸ ಮಾಡುತ್ತಿದ್ದವು! ಟಿಪ್ಪಣಿ ಬರೆಯಲು ಪ್ರತಿ ಸಾಲಲ್ಲಿ ಒಂದು ಇನ್‌ಪುಟ್ ಪೆಟ್ಟಿಗೆ ಇದೆ. ಅದರಲ್ಲಿ ಬರೆದು ಉಳಿಸದೆ ಇದ್ದದ್ದೂ ಮಾಯವಾಗುತ್ತದೆ.

ಕೋಟೆ ರಸ್ತೆ:
ಟಿಬಾಡಿಯ ಇನ್ನರ್ ಎಚ್‌ಟಿಎಂಎಲ್‌ಗೆ ಪ್ಲಸ್ ಈಕ್ವಲ್ ಹಾಕಿ ಹೊಸ ಸಾಲು ಸೇರಿಸುತ್ತಿದ್ದೀರಾ?

ಮಳೆ ಲೆಕ್ಕ:
ಹೌದು ಮಾರಾಯ್ರೇ, ಅದೇ.

ಕೋಟೆ ರಸ್ತೆ:
ನೋಡಲು ಅದು ‘ಇದ್ದದ್ದಕ್ಕೆ ಸೇರಿಸು’ ಅನ್ನುವ ಹಾಗಿದೆ. ಒಳಗೆ ನಡೆಯುವುದು ಬೇರೆ. ಬ್ರೌಸರ್ ಇದ್ದ ಎಲ್ಲಾ ಸಾಲುಗಳನ್ನು ಮೊದಲು ಪಠ್ಯವಾಗಿ ಓದುತ್ತದೆ, ಹೊಸ ಪಠ್ಯವನ್ನು ಅದಕ್ಕೆ ಜೋಡಿಸುತ್ತದೆ. ಆಮೇಲೆ ಹಳೆಯ ಎಲಿಮೆಂಟ್‌ಗಳನ್ನೆಲ್ಲ ಕಿತ್ತುಹಾಕಿ, ಆ ಪಠ್ಯದಿಂದ ಎಲ್ಲವನ್ನೂ ಹೊಸದಾಗಿ ಕಟ್ಟುತ್ತದೆ. ಪಠ್ಯದಲ್ಲಿ ಲಿಸನರ್ ಇರುವುದಿಲ್ಲ. ಪೆಟ್ಟಿಗೆಯಲ್ಲಿ ಬಳಕೆದಾರರು ಬರೆದದ್ದೂ ಇರುವುದಿಲ್ಲ. ಎರಡೂ ಹೋದವು.

ಅದರ ಬದಲು ಇನ್ಸರ್ಟ್ ಅಡ್ಜೇಸೆಂಟ್ ಎಚ್‌ಟಿಎಂಎಲ್ ಬಳಸಿ, ಜಾಗಕ್ಕೆ ‘ಬಿಫೋರ್ ಎಂಡ್’ ಕೊಡಿ. ಇದ್ದವುಗಳನ್ನು ಅದು ಮುಟ್ಟುವುದೇ ಇಲ್ಲ, ಕೊನೆಗೆ ಮಾತ್ರ ಸೇರಿಸುತ್ತದೆ. ಟಿಬಾಡಿಗೆ ಡೆಲಿಗೇಶನ್ ಮಾಡಿದ್ದರೆ ಪ್ಲಸ್ ಈಕ್ವಲ್ ಮಾಡಿದರೂ ಬಟನ್ ಬದುಕಿರುತ್ತಿತ್ತು, ಯಾಕೆಂದರೆ ಟಿಬಾಡಿ ಬದಲಾಗಿಲ್ಲ. ಆದರೆ ಬರೆದ ಟಿಪ್ಪಣಿ ಆಗಲೂ ಹೋಗುತ್ತಿತ್ತು. ಹಾಗಾಗಿ ಎರಡನ್ನೂ ಸರಿಮಾಡಿ.

ಇನ್ನೊಂದು ಎಚ್ಚರಿಕೆ. ಟಿಪ್ಪಣಿಯಂಥ ಜನ ಬರೆದ ಪಠ್ಯವನ್ನು ನೇರ ಎಚ್‌ಟಿಎಂಎಲ್ ಆಗಿ ಸೇರಿಸಬೇಡಿ. ಇನ್ನರ್ ಎಚ್‌ಟಿಎಂಎಲ್‌ನಿಂದ ಬಂದ ಸ್ಕ್ರಿಪ್ಟ್ ಟ್ಯಾಗ್ ಓಡುವುದಿಲ್ಲ, ನಿಜ. ಆದರೆ ಚಿತ್ರದ ಟ್ಯಾಗಿನ ಆನ್ ಎರರ್ ಓಡುತ್ತದೆ. ಯಾರಾದರೂ ಕೆಟ್ಟ ಕೋಡ್ ನುಗ್ಗಿಸಲು ಅಷ್ಟು ಸಾಕು. ಜನರ ಪಠ್ಯಕ್ಕೆ ಟೆಕ್ಸ್ಟ್ ಕಂಟೆಂಟ್ ಬಳಸಿ.

ಹಳೇ ಸೇತುವೆ:
ಭದ್ರಾವತಿಯಿಂದ. ನನಗೆ ಬಂದಿರುವುದು ಹಳೆಯ ಜೆಕ್ವೆರಿ (ಒಂದು ಜಾವಾಸ್ಕ್ರಿಪ್ಟ್ ಲೈಬ್ರರಿ) ಕೋಡ್ ಇರುವ ಕೆಲಸ. ಅಲ್ಲಿ ಲೈವ್ ಅಂತ ಬಳಸಿದ್ದಾರೆ. ಜೆಕ್ವೆರಿ ಹೊಸ ಆವೃತ್ತಿಗೆ ಹೋದ ತಕ್ಷಣ ‘ಲೈವ್ ಅನ್ನುವುದು ಫಂಕ್ಷನ್ ಅಲ್ಲ’ ಅಂತ ಬರುತ್ತಿದೆ. ಹುಡುಕಿದಾಗ ಆನ್ ಬಳಸಿ ಅಂತ ಸಿಕ್ಕಿತು. ಲೈವ್ ಇದ್ದ ಕಡೆಯೆಲ್ಲ ಆನ್ ಅಂತ ಬದಲಿಸಿದೆ. ತಪ್ಪಿನ ಸಂದೇಶ ಹೋಯಿತು, ಆದರೆ ಅಜಾಕ್ಸ್‌ನಿಂದ (ಪುಟ ಮತ್ತೆ ಲೋಡ್ ಆಗದೆ ಡೇಟಾ ತರುವ ವಿಧಾನ) ಬಂದ ಸಾಲುಗಳಲ್ಲಿ ಈಗ ಕ್ಲಿಕ್ ಆಗುತ್ತಿಲ್ಲ.

ಕೋಟೆ ರಸ್ತೆ:
ಅಕ್ಕಾ, ಇದಕ್ಕೆ ಸ್ವಲ್ಪ ಇತಿಹಾಸ ಬೇಕು. ಜೆಕ್ವೆರಿ ಬಂದದ್ದು 2006ರಲ್ಲಿ. ಆಗ ಬೈಂಡ್ ಇತ್ತು, ಇದ್ದ ಎಲಿಮೆಂಟ್‌ಗೆ ಮಾತ್ರ ಅಂಟುತ್ತಿತ್ತು. ಹೊಸ ಎಲಿಮೆಂಟ್‌ಗಳ ತೊಂದರೆ ಎಲ್ಲರಿಗೂ ಬಂದದ್ದರಿಂದ 2009ರ ಜನವರಿಯಲ್ಲಿ 1.3ನೇ ಆವೃತ್ತಿಯಲ್ಲಿ ಲೈವ್ ತಂದರು. ಅದು ಎಲ್ಲವನ್ನೂ ಡಾಕ್ಯುಮೆಂಟಿಗೆ ಹಾಕುತ್ತಿತ್ತು. ದೊಡ್ಡ ಪುಟದಲ್ಲಿ ಕ್ಲಿಕ್ ಬಟನ್‌ನಿಂದ ಅಷ್ಟು ಮೇಲೆ ಹೋಗಬೇಕು, ನಡುವೆ ಯಾರಾದರೂ ತಡೆದರೆ ತಲುಪುವುದೇ ಇಲ್ಲ. 2010ರಲ್ಲಿ 1.4.2ರಲ್ಲಿ ಡೆಲಿಗೇಟ್ ಬಂತು, ಯಾವ ಎಲಿಮೆಂಟ್ ಕಾವಲಿರಬೇಕು ಅಂತ ನಾವೇ ಹೇಳಬಹುದಾಯಿತು. 2011ರ ನವೆಂಬರಿನಲ್ಲಿ 1.7ರ ಜೊತೆ ಆನ್ ಬಂದು ಮೂರನ್ನೂ ಒಂದು ಮಾಡಿತು. 2013ರ ಜನವರಿಯಲ್ಲಿ 1.9ರಲ್ಲಿ ಲೈವ್ ಅನ್ನು ತೆಗೆದುಹಾಕಿದರು. ನಿಮಗೆ ಬಂದ ಸಂದೇಶ ಅದರಿಂದ.

ಆನ್‌ಗೆ ಎರಡು ರೂಪ. ‘ವಿವರ’ ಬಟನ್‌ಗಳನ್ನೇ ಹಿಡಿದು ಆನ್ ಕರೆದು, ಕ್ಲಿಕ್ ಮತ್ತು ಫಂಕ್ಷನ್ ಮಾತ್ರ ಕೊಟ್ಟರೆ ಅದು ಹಳೆಯ ಬೈಂಡ್. ಮೊದಲೇ ಇರುವ ಹೊರಗಿನ ಎಲಿಮೆಂಟನ್ನು ಹಿಡಿದು ಆನ್ ಕರೆದು, ಮೊದಲ ಜಾಗದಲ್ಲಿ ಕ್ಲಿಕ್, ಎರಡನೇ ಜಾಗದಲ್ಲಿ ‘ವಿವರ’ದ ಸೆಲೆಕ್ಟರ್, ಮೂರನೆಯದಾಗಿ ಫಂಕ್ಷನ್ ಕೊಟ್ಟರೆ ಡೆಲಿಗೇಶನ್. ಹೆಸರು ಮಾತ್ರ ಬದಲಿಸಿದರೆ ಮೊದಲ ರೂಪ ಆಗುತ್ತದೆ. ಸೆಲೆಕ್ಟರನ್ನು ಒಳಗೆ ಸರಿಸಿ, ಹೊರಗೆ ಟೇಬಲ್‌ನ ಐಡಿ ಇಡಿ.

ಹಳೇ ಸೇತುವೆ:
ಬಂತು! ಸೆಲೆಕ್ಟರ್ ಎಲ್ಲಿ ಕೂರುತ್ತದೆ ಅನ್ನುವುದರಲ್ಲೇ ಎಲ್ಲಾ ಇದೆ. ಧನ್ಯವಾದ ಅಣ್ಣ. ಉಳಿದ ಕಡೆಯೂ ಒಂದೊಂದಾಗಿ ನೋಡುತ್ತೇನೆ.

ತುಂಗಾ ದಡ:
ಟಿಬಾಡಿಗೆ ಹಾಕಿದೆ. ಹೊಸ ಸಾಲುಗಳೂ ತೆರೆಯುತ್ತಿವೆ, ಬಹಳ ಸಂತೋಷ. ಆದರೆ ಬಟನ್‌ನ ಅಂಚಿನಲ್ಲಿ ಒತ್ತಿದರೆ ಮಾತ್ರ. ನಡುವೆ ಇರುವ ಬಾಣದ ಚಿತ್ರದ ಮೇಲೆ ಬೆರಳಿಟ್ಟರೆ ಏನೂ ಇಲ್ಲ. ಕ್ಲೋಸೆಸ್ಟ್ ಬದಲು ಟಾರ್ಗೆಟ್‌ಗೆ ‘ವಿವರ’ ಕ್ಲಾಸ್ ಇದೆಯಾ ಅಂತ ನೋಡುತ್ತಿದ್ದೇನೆ, ಎರಡೂ ಒಂದೇ ಅಲ್ವಾ?

ಸಾಗರ ಮೇಷ್ಟ್ರು:
ಒಂದೇ ಅಲ್ಲ. ಇದಕ್ಕೆ ನಾನು ಉತ್ತರ ಕೊಡುತ್ತೇನೆ. ಟಾರ್ಗೆಟ್ ಅಂದರೆ ಬೆರಳು ತಾಗಿದ ಎಲ್ಲಕ್ಕಿಂತ ಒಳಗಿನ ಎಲಿಮೆಂಟ್. ಬಟನ್ ಒಳಗೆ ಎಸ್‌ವಿಜಿ (ಗೆರೆಗಳಿಂದ ಬರೆದ ಚಿತ್ರ) ಬಾಣ ಇದ್ದರೆ ಟಾರ್ಗೆಟ್ ಆ ಬಾಣ, ಅದರೊಳಗಿನ ಪಾತ್ (ಗೆರೆ) ಕೂಡ ಆಗಬಹುದು. ಅದಕ್ಕೆ ‘ವಿವರ’ ಕ್ಲಾಸ್ ಇಲ್ಲ. ನಿಮ್ಮ ಷರತ್ತು ಸುಳ್ಳಾಗುತ್ತದೆ. ಕ್ಲೋಸೆಸ್ಟ್ ಮಾತ್ರ ಟಾರ್ಗೆಟ್‌ನಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಮೇಲೆ ಹತ್ತಿ, ಹೊಂದುವ ಮೊದಲ ಎಲಿಮೆಂಟ್ ಕೊಡುತ್ತದೆ. ಯಾವುದೂ ಇಲ್ಲದಿದ್ದರೆ ನಲ್, ಅಂದರೆ ಖಾಲಿ. ಆ ನಲ್ ಪರೀಕ್ಷೆ ಬಿಡಬೇಡಿ. ಬಿಟ್ಟರೆ ಖಾಲಿ ಜಾಗದಲ್ಲಿ ಒತ್ತಿದಾಗಲೆಲ್ಲ ಕನ್ಸೋಲ್ ಕೆಂಪಾಗುತ್ತದೆ.

ಕರೆಂಟ್ ಟಾರ್ಗೆಟ್ ಅನ್ನುವುದು ಬೇರೆ. ಅದು ಲಿಸನರ್ ಇರುವ ಎಲಿಮೆಂಟ್, ನಿಮ್ಮಲ್ಲಿ ಟಿಬಾಡಿ.

ಕೋಟೆ ರಸ್ತೆ:
ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಕೆ. ಕ್ಲೋಸೆಸ್ಟ್ ನಿಮ್ಮ ಟಿಬಾಡಿಯಲ್ಲಿ ನಿಲ್ಲುವುದಿಲ್ಲ, ಅದನ್ನು ದಾಟಿ ಮೇಲೂ ಹುಡುಕುತ್ತದೆ. ಹೊರಗೆ ಅದೇ ಕ್ಲಾಸಿನ ದೊಡ್ಡ ಪೆಟ್ಟಿಗೆ ಇದ್ದರೆ ಅದು ಸಿಕ್ಕಿಬಿಡುತ್ತದೆ. ಸಿಕ್ಕದ್ದು ಟಿಬಾಡಿಯ ಒಳಗೇ ಇದೆಯಾ ಅಂತ ಕಂಟೇನ್ಸ್ ಮೂಲಕ ನೋಡುವುದು ಒಳ್ಳೆಯದು. ಕ್ಲಾಸಿನ ಬದಲು ಡೇಟಾ ಗುಣ ಬಳಸುವುದು ನನಗೆ ಇನ್ನೂ ಇಷ್ಟ. ಡೇಟಾ ಆಕ್ಷನ್ ಅಂತ ಒಂದು ಇಟ್ಟು, ‘ವಿವರ’, ‘ಅಳಿಸು’, ‘ಹಂಚು’ ಅಂತ ಬೆಲೆ ಕೊಟ್ಟರೆ ಒಂದೇ ಲಿಸನರ್ ಎಲ್ಲವನ್ನೂ ನೋಡಿಕೊಳ್ಳುತ್ತದೆ. ಯಾರೋ ಅಂದ ಚಂದಕ್ಕೆ ಕ್ಲಾಸಿನ ಹೆಸರು ಬದಲಿಸಿದರೂ ಕೆಲಸ ನಿಲ್ಲುವುದಿಲ್ಲ.

ತುಂಗಾ ದಡ:
ಕ್ಲೋಸೆಸ್ಟ್ ಹಾಕಿದ ಮೇಲೆ ಬಾಣ ಒತ್ತಿದರೂ ತೆರೆಯಿತು. ಇನ್ನೊಂದು ಸಂಶಯ. ಮೇಲೆ ‘ರಾಶಿ’, ‘ಬೆಟ್ಟೆ’ ಅಂತ ಟ್ಯಾಬ್ ಇಡುವ ಯೋಚನೆ ಇದೆ. ಟ್ಯಾಬ್ ಬದಲಿಸಿದರೆ ಪೂರ್ತಿ ಟೇಬಲ್ಲೇ ಬದಲಾಗುತ್ತದೆ. ಆಗ ಟಿಬಾಡಿಯೂ ಹೋಗುತ್ತದಲ್ಲ?

ಕೋಟೆ ರಸ್ತೆ:
ಹೋಗುತ್ತದೆ, ಅದರ ಲಿಸನರ್ ಕೂಡ. ಕಾವಲು ನಿಲ್ಲುವ ಎಲಿಮೆಂಟ್ ಯಾವತ್ತೂ ಬದಲಾಗದ್ದಾಗಿರಬೇಕು. ಸರ್ವರ್ ಕಳಿಸಿದ ಮೊದಲ ಪುಟದಲ್ಲೇ ಟೇಬಲ್ ಸುತ್ತ ಒಂದು ಡಿವ್ ಇಡಿ, ಐಡಿ ಕೊಡಿ. ಒಳಗೆ ಏನು ಬೇಕಾದರೂ ಬದಲಾಗಲಿ.

ಹಾಗಾದರೆ ಎಲ್ಲವನ್ನೂ ಡಾಕ್ಯುಮೆಂಟಿಗೇ ಹಾಕಿದರೆ ಆಯಿತಲ್ಲ ಅಂತ ಯಾರಾದರೂ ಕೇಳಬಹುದು. ನನ್ನ ಅಭಿಪ್ರಾಯ, ಬೇಡ. ಪುಟದಲ್ಲಿ ಎಲ್ಲೇ ಒತ್ತಿದರೂ ಆ ಫಂಕ್ಷನ್ ಓಡುತ್ತದೆ. ಕ್ಲಿಕ್‌ಗೆ ಅದು ದೊಡ್ಡ ಭಾರ ಅಲ್ಲ, ಆದರೆ ಮೌಸ್ ಮೂವ್, ಟಚ್ ಮೂವ್ ಥರದವುಗಳಿಗೆ ಕಡಿಮೆ ಬೆಲೆಯ ಫೋನಿನಲ್ಲಿ ತಡವರಿಕೆ ಕಾಣುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೋಡ್ ಓದುವವರಿಗೆ ಯಾವ ಲಿಸನರ್ ಯಾವ ಭಾಗಕ್ಕೆ ಸೇರಿದ್ದು ಅಂತ ತಿಳಿಯುವುದಿಲ್ಲ. ಬದಲಾಗದ ಎಲಿಮೆಂಟ್‌ಗಳಲ್ಲಿ ಬಟನ್‌ಗೆ ಎಲ್ಲಕ್ಕಿಂತ ಹತ್ತಿರದ್ದನ್ನು ಹಿಡಿಯಿರಿ.

ಆಗುಂಬೆ ದಾರಿ:
ಹೋಮ್‌ಸ್ಟೇಗಳ ಪಟ್ಟಿ ಇರುವ ಪುಟ ನಮ್ಮದು. ಕೆಳಗೆ ಸರಿದ ಹಾಗೆ ಹೊಸ ಕಾರ್ಡ್‌ಗಳು ಬರುತ್ತವೆ. ಡಾಕ್ಯುಮೆಂಟಿಗೆ ಡೆಲಿಗೇಶನ್ ಮಾಡಿದ್ದೇವೆ. ಕಾರ್ಡಿನಲ್ಲಿ ಎಲ್ಲಾ ಬಟನ್ ಓಡುತ್ತವೆ, ಫೋಟೊ ಜಾರಿಸುವ ಭಾಗದೊಳಗಿನ ‘ಮೆಚ್ಚಿದೆ’ ಬಟನ್ ಒಂದನ್ನು ಬಿಟ್ಟು. ಕ್ಲೋಸೆಸ್ಟ್ ಸರಿ ಇದೆ, ಹೆಸರು ಸರಿ ಇದೆ. ಫಂಕ್ಷನ್‌ಗೆ ಕ್ಲಿಕ್ ಬರುವುದೇ ಇಲ್ಲ.

ಕೋಟೆ ರಸ್ತೆ:
ಫೋಟೊ ಜಾರಿಸುವ ಲೈಬ್ರರಿಯೊಳಗೆ ಸ್ಟಾಪ್ ಪ್ರೊಪಗೇಶನ್ ಇದೆಯಾ ನೋಡಿ. ಫೋಟೊ ಒತ್ತಿದಾಗ ಕಾರ್ಡ್ ತೆರೆಯಬಾರದು ಅಂತ ಯಾರೋ ಅದನ್ನು ಹಾಕಿರುತ್ತಾರೆ. ಅಲ್ಲಿಗೆ ಈವೆಂಟ್ ನಿಂತುಹೋಗುತ್ತದೆ, ಡಾಕ್ಯುಮೆಂಟ್‌ವರೆಗೆ ಬರುವುದಿಲ್ಲ. ಡೆಲಿಗೇಶನ್‌ನ ದೊಡ್ಡ ಶತ್ರು ಇದು.

ಅದು ನಿಮ್ಮ ಕೋಡ್ ಆದರೆ ತೆಗೆಯಿರಿ. ಬದಲಿಗೆ ಕಾರ್ಡ್ ತೆರೆಯುವ ಫಂಕ್ಷನ್‌ನಲ್ಲೇ, ಕ್ಲಿಕ್ ಫೋಟೊ ಭಾಗದಿಂದ ಬಂದಿದ್ದರೆ ರಿಟರ್ನ್ ಆಗಿ ಅಂತ ಬರೆಯಿರಿ. ಬೇರೆಯವರ ಲೈಬ್ರರಿ ಆದರೆ ಕ್ಯಾಪ್ಚರ್ ಬಳಸಬಹುದು. ಈವೆಂಟ್ ಕೆಳಗಿನಿಂದ ಮೇಲೆ ಬರುವ ಮೊದಲು ಮೇಲಿನಿಂದ ಕೆಳಗೆ ಇಳಿಯುತ್ತದೆ. ಮೊದಲು ಇಳಿತ, ಆಮೇಲೆ ಟಾರ್ಗೆಟ್, ಆಮೇಲೆ ಏರಿಕೆ. ವೆಬ್‌ಗೆ ನಿಯಮ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2000ದ ನವೆಂಬರಿನಲ್ಲಿ ಹೊರತಂದ ಡಾಮ್ (ಪುಟದ ಎಲಿಮೆಂಟ್‌ಗಳ ಮರ) ಎರಡನೇ ಹಂತದ ಈವೆಂಟ್ ನಿಯಮದಲ್ಲೇ ಈ ಮೂರೂ ಇವೆ. ಆಡ್ ಈವೆಂಟ್ ಲಿಸನರ್‌ಗೆ ಮೂರನೆಯದಾಗಿ ಟ್ರೂ ಕೊಟ್ಟರೆ ಇಳಿಯುವಾಗಲೇ ನಿಮ್ಮ ಫಂಕ್ಷನ್ ಓಡುತ್ತದೆ. ಒಳಗಿನವರು ತಡೆಯುವ ಮುಂಚೆಯೇ ನಿಮಗೆ ಸಿಕ್ಕಿರುತ್ತದೆ.

ಸೊರಬ ಸೀಮೆ:
ಕ್ಯಾಪ್ಚರ್ ಮಾತು ಬಂದದ್ದು ಒಳ್ಳೆಯದಾಯಿತು. ನನ್ನ ಪುಟದಲ್ಲಿ ಗದ್ದೆ, ತೋಟದ ಫೋಟೊಗಳು ಆಮೇಲೆ ಲೋಡ್ ಆಗುತ್ತವೆ. ಯಾವುದಾದರೂ ಬರದಿದ್ದರೆ ಅದರ ಜಾಗದಲ್ಲಿ ಬೇರೆ ಚಿತ್ರ ತೋರಿಸಬೇಕು. ಎರರ್ ಈವೆಂಟಿಗೆ ಹೊರಗಿನ ಡಿವ್‌ನಲ್ಲಿ ಲಿಸನರ್ ಹಾಕಿದರೆ ಬರುತ್ತಿಲ್ಲ.

ಸಾಗರ ಮೇಷ್ಟ್ರು:
ಎಲ್ಲಾ ಈವೆಂಟ್‌ಗಳೂ ಮೇಲೇರುವುದಿಲ್ಲ. ಚಿತ್ರದ ಲೋಡ್, ಎರರ್ ಎರಡೂ ಏರುವುದಿಲ್ಲ. ಆದರೆ ಇಳಿಯುವುದು ಇದ್ದೇ ಇದೆ. ಅದೇ ಡಿವ್‌ಗೆ ಮೂರನೆಯದಾಗಿ ಟ್ರೂ ಸೇರಿಸಿ, ಬರುತ್ತದೆ. ಬದಲಿ ಚಿತ್ರವೂ ಬರದಿದ್ದರೆ ಮತ್ತೆ ಎರರ್ ಆಗಿ ಸುತ್ತು ನಿಲ್ಲುವುದಿಲ್ಲ. ಅದಕ್ಕೆ ಒಮ್ಮೆ ಬದಲಿಸಿದ ಚಿತ್ರಕ್ಕೆ ಒಂದು ಗುರುತು ಹಾಕಿಡಿ.

ಫೋಕಸ್ ಮತ್ತು ಬ್ಲರ್ ಕೂಡ ಏರುವುದಿಲ್ಲ, ಅವುಗಳ ಬದಲು ಫೋಕಸ್ ಇನ್, ಫೋಕಸ್ ಔಟ್ ಇವೆ. ಮೌಸ್ ಎಂಟರ್ ಬದಲು ಮೌಸ್ ಓವರ್. ಕ್ಲಿಕ್, ಇನ್‌ಪುಟ್, ಚೇಂಜ್, ಸಬ್ಮಿಟ್, ಕೀ ಡೌನ್ ಇವೆಲ್ಲ ಏರುತ್ತವೆ, ಚಿಂತೆ ಇಲ್ಲ.

ಕೇಳಿ ಓದುವವಳು:
ನಾನು ಶಿವಮೊಗ್ಗದಲ್ಲಿದ್ದೇನೆ. ಕಣ್ಣು ಕಾಣುವುದಿಲ್ಲ, ಪರದೆಯಲ್ಲಿರುವುದನ್ನು ಓದಿ ಹೇಳಲು ಫೋನಿನಲ್ಲಿ ಟಾಕ್‌ಬ್ಯಾಕ್, ಕಂಪ್ಯೂಟರಿನಲ್ಲಿ ಎನ್‌ವಿಡಿಎ ಬಳಸುತ್ತೇನೆ. ಇಲ್ಲಿ ಎಲ್ಲರೂ ‘ಬಟನ್’ ಅನ್ನುತ್ತಿದ್ದೀರಿ. ದಯವಿಟ್ಟು ಅದು ನಿಜವಾದ ಬಟನ್ ಟ್ಯಾಗೇ ಆಗಿರಲಿ. ಡೆಲಿಗೇಶನ್ ಕಲಿತ ಮೇಲೆ ಕೆಲವರು ಸ್ಪ್ಯಾನ್, ಡಿವ್, ಪೂರ್ತಿ ಸಾಲು, ಯಾವುದಕ್ಕೆ ಬೇಕಾದರೂ ಕ್ಲಿಕ್ ಹಾಕಿಬಿಡುತ್ತಾರೆ. ಅದು ಸುಲಭ, ಗೊತ್ತು. ಆದರೆ ಸ್ಪ್ಯಾನ್ ನನಗೆ ಸಾದಾ ಪದವಾಗಿ ಕೇಳುತ್ತದೆ. ‘ವಿವರ’ ಅಂತ ಓದಿ ಮುಂದೆ ಹೋಗುತ್ತದೆ, ಒತ್ತಬಹುದು ಅಂತ ತಿಳಿಯುವುದೇ ಇಲ್ಲ. ಟ್ಯಾಬ್ ಕೀ ಒತ್ತಿದರೂ ಅಲ್ಲಿ ನಿಲ್ಲುವುದಿಲ್ಲ.

ಬಟನ್ ಟ್ಯಾಗ್ ಇದ್ದರೆ ಎಂಟರ್, ಸ್ಪೇಸ್ ಎರಡಕ್ಕೂ ಬ್ರೌಸರ್ ತಾನೇ ಕ್ಲಿಕ್ ಕಳಿಸುತ್ತದೆ. ನೀವು ಹೆಚ್ಚಿಗೆ ಏನೂ ಬರೆಯಬೇಕಾಗಿಲ್ಲ. ಅಡಿಕೆ ದರದ ಪುಟಕ್ಕೆ ಇನ್ನೂ ಮೂರು ಕೇಳುತ್ತೇನೆ. ಬಾಣದ ಚಿತ್ರ ಮಾತ್ರ ಇದ್ದರೆ ಅದಕ್ಕೆ ಏರಿಯಾ (ಓದಿ ಹೇಳುವ ತಂತ್ರಾಂಶಗಳಿಗಾಗಿ ಇರುವ ಗುಣಗಳು) ಲೇಬಲ್‌ನಲ್ಲಿ ಹೆಸರು ಕೊಡಿ, ಯಾವ ದಿನದ ವಿವರ ಅಂತ ಸೇರಿಸಿ. ತೆರೆದಿದೆಯೋ ಮುಚ್ಚಿದೆಯೋ ಅನ್ನುವುದನ್ನು ಏರಿಯಾ ಎಕ್ಸ್‌ಪ್ಯಾಂಡೆಡ್‌ನಲ್ಲಿ ಬದಲಿಸುತ್ತಿರಿ. ಹೊಸ ಸಾಲು ಬಂದಾಗ ನನಗೆ ಸದ್ದಿಲ್ಲ. ಏರಿಯಾ ಲೈವ್ ಇರುವ ಒಂದು ಜಾಗದಲ್ಲಿ ‘ಹಳೆಯ ದರ ಸೇರಿಸಲಾಗಿದೆ’ ಅಂತ ಬರೆದರೆ ಅದು ಓದಿ ಹೇಳುತ್ತದೆ. ನಮ್ಮ ಮನೆಯಲ್ಲೂ ತೋಟ ಇದೆ. ದರ ನಾನೇ ನೋಡಬೇಕು ಅನ್ನುವ ಆಸೆ ನನಗೂ ಇದೆ.

ತುಂಗಾ ದಡ:
ಅಕ್ಕಾ, ನನ್ನಲ್ಲಿ ಸ್ಪ್ಯಾನ್ ಇತ್ತು. ಈಗಲೇ ಎಲ್ಲವನ್ನೂ ಬಟನ್ ಮಾಡುತ್ತೇನೆ. ನೀವು ಹೇಳಿದ ಮೂರು ಏರಿಯಾ ಗುಣಗಳನ್ನೂ ಹಾಕಿ ಪುಟದ ಕೊಂಡಿ ಕಳಿಸುತ್ತೇನೆ. ದಯವಿಟ್ಟು ಕೇಳಿ ನೋಡಿ ಹೇಳಿ.

ಕೋಟೆ ರಸ್ತೆ:
ಇದು ಐಫೋನಿಗೂ ಸಂಬಂಧಿಸಿದ್ದು. ಡಾಕ್ಯುಮೆಂಟಿಗೋ ಬಾಡಿಗೋ ಲಿಸನರ್ ಹಾಕಿ, ಒತ್ತುವ ಜಾಗ ಸ್ಪ್ಯಾನ್ ಅಥವಾ ಡಿವ್ ಆಗಿದ್ದರೆ, ಐಫೋನಿನ ಸಫಾರಿ ಅದನ್ನು ಒತ್ತುವಂಥದ್ದು ಅಂತ ಪರಿಗಣಿಸದೆ ಕ್ಲಿಕ್ಕನ್ನೇ ಕಳಿಸದಿರುವುದು ಬಹಳ ಹಳೆಯ ತೊಂದರೆ. ಸಿಎಸ್‌ಎಸ್‌ನಲ್ಲಿ ಕರ್ಸರ್ ಪಾಯಿಂಟರ್ ಕೊಟ್ಟು ದಾಟಿಸುತ್ತಾರೆ. ಬಟನ್ ಟ್ಯಾಗ್ ಇದ್ದರೆ ಆ ಉಪಾಯವೂ ಬೇಡ. ಫಾರ್ಮ್ ಒಳಗೆ ಇಡುವಾಗ ಟೈಪ್‌ಗೂ ಬಟನ್ ಅಂತಲೇ ಕೊಡಿ. ಕೊಡದಿದ್ದರೆ ಅದು ಸಬ್ಮಿಟ್ ಆಗಿ ಪುಟ ಮತ್ತೆ ಲೋಡ್ ಆಗುತ್ತದೆ.

ಮಳೆ ಲೆಕ್ಕ:
ಇನ್ಸರ್ಟ್ ಅಡ್ಜೇಸೆಂಟ್ ಬಳಸಿದೆ, ಟಿಪ್ಪಣಿ ಉಳಿಯುತ್ತಿದೆ. ಇನ್ನೊಂದು ಪ್ರಶ್ನೆ. ಇಷ್ಟೆಲ್ಲ ಯಾಕೆ, ರಿಯಾಕ್ಟ್ ಅನ್ನುವ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಬರೆದರೆ ಈ ತೊಂದರೆಯೇ ಇರುವುದಿಲ್ಲ ಅಂತ ಗೆಳೆಯರೊಬ್ಬರು ಹೇಳಿದರು. ಹೌದಾ?

ಕೋಟೆ ರಸ್ತೆ:
ತೊಂದರೆ ನಿಮಗೆ ಕಾಣುವುದಿಲ್ಲ, ಯಾಕೆಂದರೆ ರಿಯಾಕ್ಟ್ ಒಳಗೆ ಇದೇ ಡೆಲಿಗೇಶನ್ ಮಾಡುತ್ತದೆ. 16ನೇ ಆವೃತ್ತಿವರೆಗೆ ಹೆಚ್ಚಿನ ಈವೆಂಟ್‌ಗಳನ್ನು ಡಾಕ್ಯುಮೆಂಟಿನಲ್ಲಿ ಹಿಡಿಯುತ್ತಿತ್ತು. 2020ರ ಅಕ್ಟೋಬರಿನಲ್ಲಿ ಬಂದ 17ರಿಂದ, ಆಪ್ ಕೂರಿಸಿದ ರೂಟ್ ಎಲಿಮೆಂಟಿನಲ್ಲಿ ಹಿಡಿಯುತ್ತದೆ. ಹತ್ತಿರದ್ದನ್ನು ಹಿಡಿಯಿರಿ ಅಂತ ಮೇಲೆ ಹೇಳಿದೆನಲ್ಲ, ಅವರೂ ಅದೇ ದಾರಿಗೆ ಬಂದರು. ನಾಲ್ಕು ಊರಿನ ಮಳೆ ತೋರಿಸುವ ಪುಟಕ್ಕೆ ರಿಯಾಕ್ಟ್ ತರಬೇಕಾಗಿಲ್ಲ. ನಿಮ್ಮ ಓದುಗರು ಸಿಗ್ನಲ್ ಹುಡುಕಿ ಗುಡ್ಡ ಹತ್ತಿ ಪುಟ ತೆರೆಯುವವರು. ಜಾವಾಸ್ಕ್ರಿಪ್ಟ್ ಎಷ್ಟು ಕಡಿಮೆ ಇಳಿದರೆ ಅಷ್ಟು ಒಳ್ಳೆಯದು.

ಆಗುಂಬೆ ದಾರಿ:
ಸ್ಟಾಪ್ ಪ್ರೊಪಗೇಶನ್ ಸಿಕ್ಕಿತು, ನಮ್ಮದೇ ಫೈಲಿನಲ್ಲಿತ್ತು. ತೆಗೆದೆವು. ಹುಡುಕುವಾಗ ಕಂಡದ್ದನ್ನು ಇಲ್ಲಿ ಹಾಕುತ್ತೇನೆ, ಬೇರೆಯವರಿಗೆ ಉಪಯೋಗ ಆಗಬಹುದು. ಫೈರ್‌ಫಾಕ್ಸ್‌ನ ಇನ್ಸ್‌ಪೆಕ್ಟರಿನಲ್ಲಿ ಲಿಸನರ್ ಇರುವ ಎಲಿಮೆಂಟ್ ಪಕ್ಕ ‘ಈವೆಂಟ್’ ಅಂತ ಸಣ್ಣ ಗುರುತು ಬರುತ್ತದೆ, ಒತ್ತಿದರೆ ಯಾವ ಫೈಲಿನ ಯಾವ ಸಾಲು ಅಂತ ತೋರಿಸುತ್ತದೆ. ಕ್ರೋಮ್‌ನಲ್ಲಿ ಎಲಿಮೆಂಟ್ಸ್ ಭಾಗದಲ್ಲಿ ಈವೆಂಟ್ ಲಿಸನರ್ಸ್ ಅಂತ ಪಟ್ಟಿ ಇದೆ. ಎರಡೆರಡು ಸಲ ಹಾಕಿದ್ದರೂ ಅಲ್ಲೇ ಗೊತ್ತಾಗುತ್ತದೆ.

ತುಂಗಾ ದಡ:
ನಮ್ಮಲ್ಲಿ ನೆಟ್‌ವರ್ಕ್ ನಿಧಾನ ಇದ್ದಾಗ ಜನ ‘ಇನ್ನಷ್ಟು’ವನ್ನೇ ಮತ್ತೆ ಮತ್ತೆ ಒತ್ತುತ್ತಾರೆ. ಅದೇ ದಿನಗಳು ಎರಡು ಸಲ ಬರುತ್ತವೆ. ಕರೆಂಟ್ ಹೋಗಿ ಟವರ್ ನಿಂತರೆ ಏನೂ ಬರುವುದಿಲ್ಲ, ಪುಟ ಸುಮ್ಮನೆ ನಿಂತಿರುತ್ತದೆ.

ಸಾಗರ ಮೇಷ್ಟ್ರು:
ಒತ್ತಿದ ತಕ್ಷಣ ಬಟನ್‌ಗೆ ಡಿಸೇಬಲ್ಡ್ ಕೊಡಿ, ‘ಬರುತ್ತಿದೆ’ ಅಂತ ಅಕ್ಷರ ಬದಲಿಸಿ. ಡಿಸೇಬಲ್ ಆದ ಬಟನ್ ಒತ್ತಿದರೆ ಕ್ಲಿಕ್ ಬರುವುದಿಲ್ಲ. ಮತ್ತೆ ಸರಿಮಾಡುವುದನ್ನು ಫೈನಲಿ (ಸರಿ ಹೋದರೂ ತಪ್ಪಿದರೂ ಓಡುವ ಭಾಗ) ಒಳಗೆ ಬರೆಯಿರಿ. ದೆನ್ ಒಳಗೆ ಬರೆದರೆ ನೆಟ್‌ವರ್ಕ್ ಕೈಕೊಟ್ಟಾಗ ಬಟನ್ ಹಾಗೇ ಉಳಿದುಬಿಡುತ್ತದೆ.

ಫೆಚ್ ಬಗ್ಗೆ ಒಂದು ಮಾತು. ಸಂಪರ್ಕವೇ ಸಿಗದಿದ್ದರೆ ಕ್ಯಾಚ್‌ಗೆ (ತಪ್ಪಾದಾಗ ಓಡುವ ಭಾಗ) ಹೋಗುತ್ತದೆ. ಸರ್ವರ್ 404 ಅಥವಾ 500 ಕಳಿಸಿದರೆ ಹೋಗುವುದಿಲ್ಲ, ಯಶಸ್ಸಿನ ದಾರಿಯಲ್ಲೇ ಬರುತ್ತದೆ. ರೆಸ್ಪಾನ್ಸ್‌ನ ಓಕೆ ನೋಡಿ, ಇಲ್ಲದಿದ್ದರೆ ತಪ್ಪಿನ ಪುಟದ ಪಠ್ಯವೇ ನಿಮ್ಮ ಟೇಬಲ್‌ಗೆ ಸೇರಿಬಿಡಬಹುದು. ಟವರ್ ಬಿದ್ದಾಗ ‘ಸಂಪರ್ಕ ಸಿಗಲಿಲ್ಲ, ಮತ್ತೆ ಒತ್ತಿ’ ಅಂತ ಕನ್ನಡದಲ್ಲಿ ತೋರಿಸಿ. ಜನ ಕಾಯುತ್ತಾರೆ, ಏನಾಗಿದೆ ಅಂತ ತಿಳಿದರೆ ಸಾಕು.

ತುಂಗಾ ದಡ:
ಕೊನೆಯದಾಗಿ ಒಂದು. ‘ಹೆಚ್ಚಿನ ದರ’ ಅಂತ ಬಟನ್ ಸೇರಿಸಿದೆ, ಅದೇ ಡಿವ್‌ನ ಲಿಸನರ್‌ನಲ್ಲಿ. ಸಾಲುಗಳ ಡೇಟಾ ಗುಣದಿಂದ ದರ ಓದಿ ದೊಡ್ಡದನ್ನು ಹುಡುಕುತ್ತದೆ. ಪರೀಕ್ಷೆಗೆ ಹಾಕಿದ ಸಂಖ್ಯೆಗಳಲ್ಲಿ 52000ಕ್ಕಿಂತ 9500 ದೊಡ್ಡದು ಅನ್ನುತ್ತಿದೆ.

ಹಳೇ ಸೇತುವೆ:
ಡೇಟಾ ಗುಣದಿಂದ ಬರುವುದೆಲ್ಲ ಪಠ್ಯ ತಮ್ಮಾ, ಸಂಖ್ಯೆ ಅಲ್ಲ. ಪಠ್ಯವಾಗಿ ಹೋಲಿಸಿದರೆ ಮೊದಲ ಅಕ್ಷರ ನೋಡುತ್ತದೆ. 5ಕ್ಕಿಂತ 9 ದೊಡ್ಡದು, ಅಲ್ಲಿಗೆ ತೀರ್ಮಾನ ಆಯಿತು. ಓದಿದ ಕೂಡಲೇ ನಂಬರ್ ಒಳಗೆ ಹಾಕಿ. ಗುಣದಲ್ಲಿ ಅಲ್ಪವಿರಾಮ ಇಲ್ಲದೆ 52000 ಅಂತಲೇ ಇಡಿ, 52,000 ಅಂತ ಇಟ್ಟರೆ ನಂಬರ್ ಅದನ್ನು ಸಂಖ್ಯೆ ಅಂತ ಒಪ್ಪುವುದಿಲ್ಲ. ತೋರಿಸುವಾಗ ಮಾತ್ರ ಟು ಲೊಕೇಲ್ ಸ್ಟ್ರಿಂಗ್‌ಗೆ ‘ಎನ್-ಐಎನ್’ ಕೊಡಿ, ಲಕ್ಷದ ಜಾಗದಲ್ಲಿ ಅಲ್ಪವಿರಾಮ ಸರಿಯಾಗಿ ಬೀಳುತ್ತದೆ.

ತುಂಗಾ ದಡ:
ಸರಿ ಬಂತು ಅಕ್ಕಾ. ಪುಟದ ಕೊಂಡಿಯನ್ನು ರಾತ್ರಿ ಹಾಕುತ್ತೇನೆ. ಐಫೋನ್ ಇರುವವರು ಯಾರಾದರೂ ‘ಇನ್ನಷ್ಟು’ ಒತ್ತಿ, ಆಮೇಲೆ ಬಂದ ಸಾಲಿನ ‘ವಿವರ’ ಒತ್ತಿ ನೋಡಿ. ನನ್ನ ಹತ್ತಿರ ಆ ಫೋನಿಲ್ಲ.